ಈಶಾನ್ಯ ಮೂಲೆಯ ಪಾಯಖಾನೆ

"ಮತ್ತ ಎದ್ದ್ಯಾ, ಕುಂಟ ರಂಡೆ? ಈಗರ ಹೋಗಿ ಬಂದೀಯಲ್ಲಬೇ. ನಿನಗ ಉಚ್ಚಿ ಹೊಯ್ಸಾಕ ನಿಮ್ಮಕ್ಕಗೂ ನಾವ ಪಗಾರ ಕೊಡಬೇಕೇನು?"

ಗುಮಾಸ್ತ ಸಿದ್ದರಾಮೇಶ ಇದನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತು, ಅಂಗಳದ ಆಚೆ ತುದಿಗೂ ಕೇಳುವಂತೆ ಹೇಳಿದ. ಕುದಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವಿ, ಬರಿಗಾಲಿನಿಂದ ಮಗುಚುತ್ತ ನಡೆಯುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಲಾರಿಗೆ ಚೀಲ ಏರಿಸುತ್ತಿದ್ದ ಹಮಾಲರು ಎತ್ತಿದರು. ಹರಿದ ಚೀಲಗಳನ್ನು ದಬ್ಬಣದಿಂದ ಹೊಲಿಯುತ್ತಿದ್ದ ಪಂಪಮ್ಮ ಕಂಕುಳ ಕೋಲು ಊರಿ ಅರ್ಧ ಎದ್ದಿದ್ದವಳು ಮತ್ತೆ ಕುಳಿತಳು.

"ಕುಂದ್ರಬ್ಯಾಡ, ನಡಿ," ಎಂದಳು ಅವಳ ಅಕ್ಕ ಗ್ಯಾನಮ್ಮ, ಭತ್ತದಿಂದ ಹೊರಗೆ ಬಂದು. ಬಳಿಕ ಮೆಟ್ಟಿಲ ಕಡೆ ತಿರುಗಿ, "ಹೋಗಿ ಬರ್ತೀವ್ರಿ ಗುಮಾಸ್ತರ. ತಡಕೊಂಡು ಇಲ್ಲೇ ಹೊಯ್ದ್ಲಂದ್ರ ಸಾವ್ಕಾರ್ರ ನೆಲ್ಲು ನಾರತೈತಿ. ದೊಡ್ಡ ಮಂದಿ ಉಣ್ಣೋ ಅಕ್ಕಿ," ಎಂದಳು.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಆ ಅಕ್ಕಿ ಗಿರಣಿಯಲ್ಲಿ ನಡೆದದ್ದನ್ನು ಈಗ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಪಂಪಮ್ಮನ ಕಾಲು ಹೋದ ಸಂಗತಿಯಲ್ಲಿ ಮಾತ್ರ ಪಾಠಾಂತರವಿಲ್ಲ. ಭತ್ತವನ್ನು ಮೇಲಕ್ಕೆ ಒಯ್ಯುವ ಯಂತ್ರದ ತಿರುಗುವ ಪಟ್ಟಕ್ಕೆ ಅವಳ ಸೀರೆಯ ಸೆರಗು ಸಿಕ್ಕಿತು. ಪಟ್ಟಕ್ಕೆ ತಗಡಿನ ಮುಚ್ಚಳವಿರಲಿಲ್ಲ. ಸೆರಗಿನ ಹಿಂದೆ ಕಾಲು ಹೋಯಿತು. ಮುಚ್ಚಳವನ್ನು ಮರುದಿನ ಹಾಕಿಸಿದರು. ಪಂಪಮ್ಮನಿಗೆ ಚೀಲ ಹೊಲಿಯುವ ಕೆಲಸ ಕೊಟ್ಟರು. ಸಾಹುಕಾರ ಗುರುಬಸವನು ಇದನ್ನು ತನ್ನ ಧರ್ಮಕಾರ್ಯಗಳಲ್ಲಿ ಒಂದೆಂದು ಇಂದಿಗೂ ಎಣಿಸುತ್ತಾನೆ.

ಹೆಂಗಸರು ಹೋಗಬೇಕಾದದ್ದು ಹೊಟ್ಟಿನ ಗುಡ್ಡೆಯ ಹಿಂದಕ್ಕೆ. ಮೇಲಿನ ಕೊಳವೆಯಿಂದ ಹೊಟ್ಟು ಸದಾ ಸುರಿಯುತ್ತದೆ, ಮೈಗೆ ಬಿದ್ದಲ್ಲಿ ನವೆ ಏಳುತ್ತದೆ. ಎರಡು ಕಾಲಿದ್ದವರು ಅಲ್ಲಿ ಬೇಗ ಕುಳಿತು ಬೇಗ ಏಳಬಲ್ಲರು. ಪಂಪಮ್ಮನನ್ನು ಗ್ಯಾನಮ್ಮ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಹಿಡಿದುಕೊಳ್ಳಬೇಕು, ಕೂಸನ್ನು ಹಿಡಿದ ಹಾಗೆ. ಲಾರಿ ಹಿಮ್ಮುಖವಾಗಿ ಬಂದರೆ ಚಾಲಕನ ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಕೆಲವರು ಹಾರ್ನ್ ಬಾರಿಸಿ ನಗುತ್ತಿದ್ದರು.

ಇದಕ್ಕೆ ಪಂಪಮ್ಮ ಕಂಡುಕೊಂಡ ಉಪಾಯವೆಂದರೆ ನೀರು ಬಿಡುವುದು. ಬೆಳಗ್ಗೆ ಕೇರಿಯಿಂದ ಟಂಟಂ ಆಟೋ ಹತ್ತುವ ಮೊದಲು ಒಂದು ಗುಟುಕು ಕುಡಿದರೆ ಮತ್ತೆ ಸಂಜೆಗೆ. ಇದರಿಂದ ಉರಿಮೂತ್ರ ಹಿಡಿಯಿತು, ಜ್ವರ ಬಂತು, ಉಚ್ಚೆಯಲ್ಲಿ ರಕ್ತ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಬೈದಳು: "ನೀರು ಕುಡಿಬೇಕು, ಬಂದಾಗ ತಡೀಬಾರದು. ಇನ್ನೊಂದ್ಸಲ ಹಿಂಗಾದ್ರ ಕಿಡ್ನಿ ಉಳಿಯಂಗಿಲ್ಲ, ತಿಳೀತೇನು?" ಪಂಪಮ್ಮ ತಿಳಿಯಿತೆಂದಳು. ಔಷಧ ಬರೆದುಕೊಟ್ಟ ಡಾಕ್ಟರಮ್ಮ ಎಲ್ಲಿ ಹೋಗಬೇಕೆಂಬುದನ್ನು ಬರೆದುಕೊಡಲಿಲ್ಲ.

ಹೀಗಿರುವಾಗ ಸಾಹುಕಾರನು ಒಂದು ದಿನ ಕೆಲಸದವರನ್ನೆಲ್ಲ ಅಂಗಳದಲ್ಲಿ ಸೇರಿಸಿದ.

"ಅಕ್ಕಿ ತಗೊಳ್ಳೋ ಕಂಪನಿಯವ್ರು ಹೊಸಾ ಹುಕುಂ ಕಳಿಸ್ಯಾರ," ಎಂದ. "ಇನ್ನ ಮ್ಯಾಲೆ ಗಿರಣಿಯೊಳಗ ಹೆಣ್ಮಕ್ಕಳು, ಕೈಕಾಲು ಇಲ್ಲದವ್ರು, ಎಲ್ಲಾ ಜಾತಿಯವ್ರು ಒಂದ ಇರಬೇಕಂತ. ಅಂಥಾ ಗಿರಣಿದು ಅಷ್ಟ ಅಕ್ಕಿ ತಗೋತಾರಂತ. ನಮ್ಮಲ್ಲಿ ಮೊದಲಿಂದ್ಲೂ ಎಲ್ಲಾರೂ ಅದೀರಿ. ಏನಬೇ ಪಂಪಿ, ನೀ ಇಲ್ಲೇನು?"

"ಅದೀನ್ರಿ."

"ನಿನ್ನ ಸಲುವಾಗಿ ಪಾಯಖಾನಿ ಕಟ್ಟಸ್ತೀನಿ. ಇಂಗ್ಲಿಷ್ ಪಾಯಖಾನಿ. ಕುರ್ಚಿ ಮ್ಯಾಲೆ ಕುಂತಂಗ ಕುಂದ್ರಬೇಕು."

ಹಿಂದೆ ನಿಂತಿದ್ದ ಹಮಾಲಿ ಮಾಳಿಂಗರಾಯ, "ನಮ್ಮ ಮಂದೀಗೆ ಕುರ್ಚಿ ಸಿಗೂದು ಕಡೀಕ ಅಲ್ಲೇ ನೋಡು," ಎಂದ. ಸಾಹುಕಾರನಿಗೆ ಕೇಳದಷ್ಟು ಮೆಲ್ಲಗೆ, ಉಳಿದವರೆಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಕೆಲಸ ಬೇಗ ನಡೆಯಿತು. ರಸ್ತೆಯಲ್ಲಿ ಹೋಗುವವರಿಗೂ ಕಾಣಬೇಕೆಂದು ಸಾಹುಕಾರನು ದೊಡ್ಡ ಗೇಟಿನ ಪಕ್ಕದ ಮೂಲೆಯಲ್ಲೇ ಜಾಗ ತೋರಿಸಿದ. ಮೇಸ್ತ್ರಿ ಅಸದ್ ಮೆಟ್ಟಿಲ ಬದಲು ಇಳಿಜಾರು ಹಾಸಿದ, ಅದರ ಬದಿಗೆ ಬಾಗಿಲವರೆಗೆ ಕಂಬಿ ನೆಟ್ಟ, ಒಳಗೆ ಬಿಳಿ ಹಂಚು ಕೂರಿಸಿದ. ಒಳಗಿನ ಗೋಡೆಗೆ ಹಿಡಿಕಂಬಿ ಹಾಕುವ ದಿನ ಪಂಪಮ್ಮನನ್ನು ಕರೆದ.

"ಇಲ್ಲಿ ಬಾರವ್ವ. ಕುಂದ್ರು. ಈಗ ಏಳಂಗ ಮಾಡು. ನಿನ್ನ ಕೈ ಎಲ್ಲಿಗೆ ಹೊಕ್ಕೈತಿ?"

"ಇಲ್ಲಿಗಣ್ಣ."

"ಇನ್ನೊಂದೀಟು ಕೆಳಗ ಬೇಕೇನು? ನಾಚಬ್ಯಾಡ. ಕಂಬಿ ಕೂಡಿಸಿದ ಮ್ಯಾಲೆ ಕೀಳಾಕ ಬರಂಗಿಲ್ಲ."

ಪಂಪಮ್ಮ ಕೈಯಿಟ್ಟಲ್ಲಿ ಅಸದ್ ಸುಣ್ಣದಿಂದ ಗುರುತು ಹಾಕಿದ. ಕಂಬಿ ಕೂತ ಮೇಲೆ ಅವಳು ಅದನ್ನು ಹಿಡಿದು ಎದ್ದಳು, ಕುಳಿತಳು, ಮತ್ತೆ ಎದ್ದಳು. ಅಕ್ಕ ಹಿಡಿಯಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಗ್ಯಾನಮ್ಮ ತನ್ನ ಎರಡು ಕೈಗಳನ್ನೂ ಏನು ಮಾಡಬೇಕೆಂದು ತಿಳಿಯದೆ ನಡುವಿಗೆ ಕೊಟ್ಟುಕೊಂಡಳಂತೆ. ಅಂದು ಮಧ್ಯಾಹ್ನ ಬುತ್ತಿ ಉಂಡ ಮೇಲೆ ಪಂಪಮ್ಮ ತಂಬಿಗೆ ತುಂಬ ನೀರು ಕುಡಿದಳು.

ಅದರ ಬೆನ್ನಿಗೇ ಅಮಾವಾಸ್ಯೆ ಬಂತು. ಆ ಸೀಮೆಯಲ್ಲಿ ಅಮಾವಾಸ್ಯೆಗೆ ಅಂಗಡಿ, ಲಾರಿ, ಗಿರಣಿ ಯಾವುದೂ ಪೂಜೆಯಿಲ್ಲದೆ ಉಳಿಯುವುದಿಲ್ಲ. ಯಂತ್ರಗಳಿಗೆ ವಿಭೂತಿ ಬಳಿಯಲು ಬಂದ ಅಯ್ಯನವರು ಗೇಟಿನೊಳಗೆ ಕಾಲಿಟ್ಟವರೇ ನಿಂತುಬಿಟ್ಟರು.

"ಇದೇನು ಗುರುಬಸವ?"

"ಪಾಯಖಾನಿ ರೀ ಅಪ್ಪಾರ. ಕಂಪನಿಯವ್ರು ಕೇಳ್ಯಾರ."

"ಈಶಾನ್ಯ ಮೂಲಿ ಇದು. ಈಶ್ವರನ ಮೂಲಿ. ಮನೀ ಕಟ್ಟಿದ್ರ ದೇವರ ಜಗಲಿ ಇಡೋ ಜಾಗದಾಗ ಹೇಲುಕುಣಿ ತೋಡಿಸೀಯಲ್ಲೋ. ಅದೂ ಕೇರಿ ಮಂದಿ ಬಂದು ಕುಂದ್ರಾಕ. ಗಿರಣಿ ಉಳಿಬೇಕೋ ಬ್ಯಾಡೋ?"

ಕೆಡವಿದರೆ ಕಂಪನಿ ಅಕ್ಕಿ ಕೊಳ್ಳುವುದಿಲ್ಲ. ಇಟ್ಟರೆ ಈಶ್ವರ ಸುಮ್ಮನಿರುವುದಿಲ್ಲ. ಸಾಹುಕಾರನು ಅಯ್ಯನವರ ಕಾಲು ಹಿಡಿದ. ಅಯ್ಯನವರು ಕಣ್ಣು ಮುಚ್ಚಿ, ಕಣ್ಣು ತೆರೆದು, ದಾರಿ ತೋರಿಸಿದರು. ಕಟ್ಟಡದಲ್ಲಿ ದೋಷವಿಲ್ಲ, ಹೊಲಸು ಬಿದ್ದರಷ್ಟೇ ದೋಷ. ನೀರಿನ ಪೈಪು ಜೋಡಿಸಬಾರದು. ಯಾರನ್ನೂ ಒಳಗೆ ಬಿಡಬಾರದು. ಪ್ರತಿ ಅಮಾವಾಸ್ಯೆಗೆ ಯಂತ್ರಗಳ ಜೊತೆ ಅದಕ್ಕೂ ಒಂದು ಕಾಯಿ ಒಡೆಯಬೇಕು.

ಹಾಗೆಯೇ ನಡೆಯಿತು. ಬಿಳಿಯ ಪಿಂಗಾಣಿ ಕುರ್ಚಿಗೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ, ಊದುಬತ್ತಿ ಬೆಳಗಿದರು. ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಬೀಗ ಹಾಕಿ ಕೀಲಿಕೈಯನ್ನು ಸಿದ್ದರಾಮೇಶ ತನ್ನ ಉಡಿದಾರಕ್ಕೆ ಸಿಕ್ಕಿಸಿಕೊಂಡ. ಮರುದಿನ ಗೋಡೆಗೆ ನೀಲಿ ಫಲಕ ಬಂತು. ಅದರ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತವನ ಚಿತ್ರವಿತ್ತು.

"ಗುಡಿಯಾಗೂ ನಾವು ಹೊರಗ ನಿಂತು ಕೈ ಮುಗೀಬೇಕು," ಎಂದಳು ಗ್ಯಾನಮ್ಮ ಭತ್ತ ಮಗುಚುತ್ತ. "ಈಗ ಪಾಯಖಾನಿಗೂ ಹೊರಗ ನಿಂತು ಮುಗೀಬೇಕು ನೋಡ್ರೆವಾ."

"ಹರಕಿ ಹೊತ್ಕೋಬೇ," ಎಂದಳು ಪಕ್ಕದ ಸಾಲಿನ ಶೇಖರಮ್ಮ. "ಮುಂದಿನ ಜನ್ಮದಾಗರ ಒಮ್ಮಿ ಒಳಗ ಕರ್ಕೋ ಪಾಯಖಾನೆಪ್ಪಾ ಅಂತ."

ಹೆಂಗಸರೆಲ್ಲ ನಕ್ಕರು. ಪಂಪಮ್ಮ ನಗಲಿಲ್ಲ. ಅಸದ್ ಕಂಬಿ ಕೂರಿಸಿದ ದಿನದಿಂದ ಅವಳು ನೀರು ಕುಡಿಯತೊಡಗಿದ್ದಳು. ಈಗ ಮತ್ತೆ ಬಿಟ್ಟಳು. ವಾರದೊಳಗೆ ಜ್ವರ ಏರಿತು. ಕೆಲಸ ತಪ್ಪಿಸಿದರೆ ಚೀಲ ಹೊಲಿಯುವ ಜಾಗಕ್ಕೆ ಬೇರೆಯವರು ಬರುವರೆಂದು, ಗೋಣಿ ಹೊದ್ದುಕೊಂಡೇ ಹೊಲಿಯುತ್ತ ಕುಳಿತಳು. ಗ್ಯಾನಮ್ಮ ಕಚೇರಿಯ ಮೆಟ್ಟಿಲ ಕೆಳಗೆ ಹೋಗಿ ನಿಂತಳು.

"ಗುಮಾಸ್ತರ, ಒಂದಿನದ ಮಟ್ಟಿಗೆ ಕೀಲಿಕೈ ಕೊಡ್ರಿ. ಹುಡುಗಿ ಸುಡಾಕತ್ತಾಳ. ಆ ಗುಡ್ಡಿ ಹಿಂದ ಅಕೀನ ಹಿಡಕೊಂಡು ನಿಂದ್ರಾಕ ನನಗ ಆಗವಲ್ದು."

"ಅದು ದೇವರ ಮೂಲಿ. ನೀವು ಹೋಗಿ ಕುಂತ್ರ ಗಿರಣಿ ಮುಳುಗತೈತಿ."

"ಮತ್ಯಾರ ಸಲುವಾಗಿ ಕಟ್ಟಿಸೀರಿ?"

"ನಿಮ್ಮ ಸಲುವಾಗಿನ. ಫಲಕದ ಮ್ಯಾಲೆ ಚಿತ್ರ ತಗದಿಲ್ಲೇನು? ನಿನ್ನ ತಂಗೀದ ಅದು." ಸಿದ್ದರಾಮೇಶ ಹಲ್ಲು ಕಡ್ಡಿಯಿಂದ ಅಡಿಕೆಚೂರು ತೆಗೆದು ಉಗುಳಿದ. "ಬರೋ ವಾರ ಕಂಪನಿಯಿಂದ ಮೇಡಂ ಬರ್ತಾಳ. ಆವತ್ತು ನಿನ್ನ ತಂಗಿ ತೊಳದ ಸೀರಿ ಉಟಗೊಂಡು ಬರಬೇಕು. ಇಳಿಜಾರಿನ ಕಂಬಿ ಹಿಡಕೊಂಡು ಬಾಗಲ ಮುಂದ ನಿಂದ್ರಬೇಕು, ನಗಬೇಕು, ಫೋಟೋ ಆದಮ್ಯಾಲೆ ಇಳಿಬೇಕು. ಹೊಸ್ತಿಲ ದಾಟಿದ್ಲಂದ್ರ ಇಬ್ರೂ ಮರುದಿನದಿಂದ ಮನ್ಯಾಗ. ಕೇಳ್ತೇನು?"

ಕೇಳಿತು. ಅಂಗಳಕ್ಕೆಲ್ಲ ಕೇಳಿತು.

ಬಂದ ಮೇಡಂ ಮಮತಾ ವಯಸ್ಸಿನಲ್ಲಿ ಪಂಪಮ್ಮನ ಓರಗೆಯವಳು. ಸಭೆಯನ್ನು ಮಹಡಿಯ ಮೇಲಿನ ಕಚೇರಿಯಲ್ಲಿಟ್ಟರು, ತಂಪು ಯಂತ್ರವಿದ್ದದ್ದು ಅಲ್ಲೇ. ಭತ್ತ ಮಗುಚಲು ಕೆಲವರನ್ನು ಬಿಟ್ಟು ಉಳಿದ ಕೆಲಸದವರು ಮೆಟ್ಟಿಲು ಹತ್ತಿದರು. ಪಂಪಮ್ಮ ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಕೈ ಊರಿ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕುಂಡೆ ಎತ್ತಿಡುತ್ತ ಹಿಮ್ಮುಖವಾಗಿ ಏರಿದಳು. ಕೋಲನ್ನು ಗ್ಯಾನಮ್ಮ ಹಿಡಿದಿದ್ದಳು.

"ಲಗೂ ಏರಬೇ," ಎಂದ ಸಿದ್ದರಾಮೇಶ ಮೇಲಿನಿಂದ. "ನಿನ್ನ ಸಲುವಾಗಿನ ಮೀಟಿಂಗ್ ತಡದೈತಿ."

ಮೇಡಂ ಗೋಡೆಯ ಮೇಲೆ ಬೆಳಕಿನ ಚಿತ್ರಗಳನ್ನು ಬಿಟ್ಟು ಮಾತನಾಡಿದಳು. "ಕೆಲಸದ ಜಾಗದಲ್ಲಿ ಯಾರೂ ಹೊರಗುಳಿಯಬಾರದು. ಎಲ್ಲರಿಗೂ ಒಂದೇ ಅಳತೆಯದನ್ನು ಕೊಟ್ಟರೆ ಅದು ಸಮತೆ ಅಲ್ಲ. ಯಾರಿಗೆ ಏನು ಅಡ್ಡಿ ಇದೆ ಅಂತ ಅವರನ್ನೇ ಕೇಳಿ, ಆ ಅಡ್ಡಿ ತೆಗೆಯಬೇಕು." ಮಾತು ಚೆನ್ನಾಗಿತ್ತು ಎಂದು ಗ್ಯಾನಮ್ಮ ಇಂದಿಗೂ ಹೇಳುತ್ತಾಳೆ, ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎನ್ನುತ್ತಾಳೆ.

ಚಹಾ ಬಂತು. ಸಾಹುಕಾರ, ಮೇಡಂ, ಗುಮಾಸ್ತ, ಅಯ್ಯನವರಿಗೆ ಪಿಂಗಾಣಿ ಕಪ್ಪು. ಅಂಗಳದವರಿಗೆ ಕಾಗದದ ಕಪ್ಪು. ಮೇಡಂ ಎರಡನ್ನೂ ನೋಡಿದಳು.

"ಕಾಗದದ್ದು ಸ್ವಚ್ಛ ರೀ ಮೇಡಂ," ಎಂದ ಸಾಹುಕಾರ. "ಕುಡದು ಒಗದ್ರ ಆತು. ಯಾರ ಎಂಜಲಾ ಯಾರಿಗೂ ಇಲ್ಲ."

"ಒಳ್ಳೆಯ ಪದ್ಧತಿ," ಎಂದಳು ಮೇಡಂ. ಆಮೇಲೆ ಪಂಪಮ್ಮನ ಕಡೆ ಬಾಗಿ, "ನಿಮಗೆ ಇಲ್ಲಿ ಏನಾದರೂ ಅಡ್ಡಿ ಇದೆಯಾ ಅಮ್ಮ? ಹೆದರಬೇಡಿ, ಹೇಳಿ," ಎಂದಳು.

ಪಂಪಮ್ಮ ಬಾಯಿ ತೆರೆದಳು.

"ಅಕೀಗೆ ಏನ್ ಅಡ್ಡಿ ರೀ ಮೇಡಂ," ಎಂದ ಸಿದ್ದರಾಮೇಶ. "ಅಕೀ ಸಲುವಾಗಿ ಕಟ್ಟಿಸಿದ್ದು ಕೆಳಗ ಐತಿ, ಬರ್ರಿ ತೋರಸ್ತೀನಿ."

ಮೇಡಂ ಪಂಪಮ್ಮನ ಭುಜ ತಟ್ಟಿ ಎದ್ದಳು.

ಕೆಳಗೆ ಬಾಗಿಲಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಇಳಿಜಾರಿನ ಬುಡದಲ್ಲಿ ರಂಗೋಲಿ ಹಾಕಿ, ತುಂಬಿದ ತಾಮ್ರದ ಬಿಂದಿಗೆಗೆ ಮಾವಿನೆಲೆ ಸುತ್ತಿ, ತೆಂಗಿನಕಾಯಿ ಇಟ್ಟು ಕಳಸ ಹೂಡಿದ್ದರು. ಅಯ್ಯನವರು ಮಂತ್ರ ಹೇಳಿದರು. ಮೇಡಂ ಪಟ್ಟಿ ಕತ್ತರಿಸಿದಳು. ಸಿದ್ದರಾಮೇಶ ಬೀಗ ತೆಗೆದು ಬಾಗಿಲನ್ನು ಅಗಲ ಮಾಡಿ, ಪಂಪಮ್ಮನಿಗೆ ಕಣ್ಣಲ್ಲೇ ಜಾಗ ತೋರಿಸಿದ.

ಪಂಪಮ್ಮ ಇಳಿಜಾರು ಏರಿದಳು. ಅದರ ಬದಿಯ ಕಂಬಿ ಹಿಡಿದಳು. ಫೋಟೋ ತೆಗೆಯುವವನು, "ಈ ಕಡಿ ನೋಡಕ್ಕ, ನಗು," ಎಂದ. ಅವಳು ಆ ಕಡೆ ನೋಡಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಡಂ ಮೊದಲು ಚಪ್ಪಾಳೆ ತಟ್ಟಿದಳು, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು.

"ಹೊರಗ ಬಾರಬೇ ಪಂಪಿ," ಎಂದ ಸಾಹುಕಾರ, ಮೇಡಂ ಕಡೆ ನಗುಮುಖ ಇಟ್ಟುಕೊಂಡೇ. "ಫೋಟೋ ಬಾಕಿ ಐತಿ."

"ಹೊರಗ ಬಾ ಸೂಳೆ," ಎಂದರು ಅಯ್ಯನವರು, ಕಳಸದ ಮುಂದೆ. "ಈಶಾನ್ಯದಾಗ ಕುಂತಾಳ. ಗುರುಬಸವ, ನಿನ್ನ ಮನಿ ಹಾಳಾತು."

ಒಳಗಿನಿಂದ ಪಂಪಮ್ಮನ ದನಿ ಬಂತು. ಅಂಗಳದವರು ಆ ದನಿಯನ್ನು ಅಷ್ಟು ಸಮಾಧಾನವಾಗಿ ಹಿಂದೆ ಕೇಳಿರಲಿಲ್ಲ.

"ಯಕ್ಕಾ, ನಳದಾಗ ನೀರಿಲ್ಲ. ಒಂದ ಕೊಡ ನೀರು ತಾ."

ಗ್ಯಾನಮ್ಮ ಸುತ್ತ ನೋಡಿದಳು. ನಳ ಅಂಗಳದ ಆಚೆ ತುದಿಯಲ್ಲಿತ್ತು. ತುಂಬಿದ ಬಿಂದಿಗೆ ಕಾಲ ಬುಡದಲ್ಲಿತ್ತು. ಅವಳು ರಂಗೋಲಿಯ ಮೇಲೆ ಕಾಲಿಟ್ಟು ಬಗ್ಗಿದಳು. ಕಳಸದ ಮೇಲಿನ ತೆಂಗಿನಕಾಯಿ ತೆಗೆದು ಎಲ್ಲಿಡಲೆಂದು ಒಂದು ಕ್ಷಣ ನೋಡಿ, "ಹಿಡೀರಿ," ಎಂದು ಸಾಹುಕಾರನ ಕೈಗೆ ಕೊಟ್ಟಳು. ಅಭ್ಯಾಸಬಲದಿಂದ ಅವನು ಎರಡು ಕೈ ಮುಂದೆ ಮಾಡಿ ಹಿಡಿದುಕೊಂಡ. ಮಾವಿನೆಲೆಗಳನ್ನು ಕಿತ್ತು ಕೆಳಗೆ ಹಾಕಿ, ಬಿಂದಿಗೆಯನ್ನು ಸೊಂಟಕ್ಕೇರಿಸಿ ಅವಳು ಇಳಿಜಾರು ಹತ್ತಿದಳು. ಬಾಗಿಲು ಒಂದಿಷ್ಟು ತೆರೆಯಿತು, ಬಿಂದಿಗೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಗ್ಯಾನಮ್ಮ ಇಳಿಯಲಿಲ್ಲ. ಬಾಗಿಲ ಪಕ್ಕದಲ್ಲೇ ನಿಂತಳು. "ಅಕೀ ಹಿಂದ ನನ್ನ ಪಾಳಿ," ಎಂದಳು.

"ನಿನ್ನ ಹಿಂದ ನಂದು," ಎನ್ನುತ್ತ ಶೇಖರಮ್ಮ ಭತ್ತ ಬಿಟ್ಟು ಬಂದಳು. ಅವಳ ಬೆನ್ನಿಗೆ ಮತ್ತೊಬ್ಬಳು. ಇಳಿಜಾರು ತುಂಬಿ, ಪಾಳಿ ಗೇಟಿನ ಮುಂದೆ ಹಾದು ಅಂಗಳದವರೆಗೆ ಬೆಳೆಯಿತು. ಅಂಗಳದಲ್ಲಿ ಕುದಿಸಿದ ಭತ್ತ ಒಂಟಿಯಾಗಿ ಬಿಸಿಲು ಕಾಯುತ್ತ ಉಳಿಯಿತು. ಆ ಬಿಸಿಲಿನಲ್ಲಿ ಅದನ್ನು ಮಗುಚದೆ ಬಿಟ್ಟರೆ ಮೇಲಿನ ಕಾಳು ಬಿರಿಯುತ್ತದೆ. ಬಿರಿದ ಕಾಳು ಗಿರಣಿಗೆ ಹಾಕಿದರೆ ನುಚ್ಚಾಗುತ್ತದೆ. ನುಚ್ಚನ್ನು ಯಾವ ಕಂಪನಿಯೂ ಕೊಳ್ಳುವುದಿಲ್ಲ. ಇದು ಪಾಳಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಹುಕಾರನಿಗೂ ಗೊತ್ತಿತ್ತು.

"ಸಿದ್ದರಾಮ, ನೆಲ್ಲು," ಎಂದ ಅವನು, ತೆಂಗಿನಕಾಯಿ ಹಿಡಿದುಕೊಂಡೇ.

"ನಾನು ರೀ?"

"ನೀನ. ನಿಮ್ಮಪ್ಪ ಬರ್ತಾನೇನಲೇ?"

ಸಿದ್ದರಾಮೇಶ ಬೂಟು ಕಳಚಿ ಪ್ಯಾಂಟು ಮಡಚಿಕೊಂಡು ಭತ್ತಕ್ಕಿಳಿದ. ಮೊದಲ ಹೆಜ್ಜೆಗೇ ಹಾರಿದ. ಕಾದ ಸಿಮೆಂಟಿನ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಇಟ್ಟು, ಇಟ್ಟದ್ದನ್ನು ಎತ್ತಿ, ಕುಂಟುತ್ತ ಮುಂದೆ ಹೋದ. ಹಮಾಲರು ಚೀಲಗಳ ಮೇಲೆ ಕುಳಿತು ನೋಡಿದರು. ಮಾಳಿಂಗರಾಯ ಬೀಡಿ ಹಚ್ಚಿದ.

ದೂರದಿಂದ ಬಂದಿದ್ದ ಮೇಡಂ ಮಮತಾಳಿಗೂ ಅಷ್ಟರಲ್ಲಿ ಪಾಯಖಾನೆಗೆ ಹೋಗುವ ಅವಸರವಾಗಿತ್ತು. ಅವಳು ಇಳಿಜಾರಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ಗ್ಯಾನಮ್ಮ ಮೇಲಿನಿಂದ, ಮರ್ಯಾದೆಯಿಂದಲೇ ಹೇಳಿದಳು:

"ಬರ್ರಿ ಅಕ್ಕಾರ, ಎಲ್ಲಾರದೂ ಐತಿ ಇದು. ಪಾಳಿ ಹಚ್ರಿ."

ಮೇಡಂ ಪಾಳಿಯ ಕೊನೆಯಲ್ಲಿ ನಿಂತಳೆಂದು ಲಿಂಗಸುಗೂರಿನ ಕಡೆ ಹೇಳುತ್ತಾರೆ. ಅಲ್ಲಿಯ ಕಾಲೇಜಿನ ಹುಡುಗಿಯರಿಗೆ ಈ ಪಾಠಾಂತರವೇ ಹೆಚ್ಚು ಪ್ರಿಯ. ಮಸ್ಕಿಯಲ್ಲಿ ಅವಳು ಅತ್ತಳೆಂದೂ ಸೇರಿಸುತ್ತಾರೆ. ಗ್ಯಾನಮ್ಮ ಎರಡನ್ನೂ ಒಪ್ಪುವುದಿಲ್ಲ. ಸಾಹುಕಾರನು, "ನಮ್ಮ ಮನೀಗೆ ಬರ್ರಿ ಮೇಡಂ, ಚೊಕ್ಕ ಐತಿ," ಎಂದನಂತೆ. ಮೇಡಂ ಪಾಳಿಯನ್ನು ಒಮ್ಮೆ ನೋಡಿ, ತನ್ನ ಮೊಬೈಲನ್ನು ಒಮ್ಮೆ ನೋಡಿ, ಅವನ ಕಾರು ಹತ್ತಿದಳಂತೆ. "ನಿಂತಿದ್ರ ಅಕೀ ಹೆಸರು ನನಗ ನೆನಪಿರತಿತ್ತು," ಎನ್ನುತ್ತಾಳೆ ಗ್ಯಾನಮ್ಮ.

ಕಾರು ಗೇಟು ದಾಟಿದ ಮೇಲೆ ಸಿದ್ದರಾಮೇಶ ಭತ್ತದ ನಡುವಿನಿಂದ ಕೂಗಿದ:

"ರಂಡೇರಾ, ನಾಳಿಂದ ಒಬ್ಬಾಕಿಗೂ ಈ ಗಿರಣ್ಯಾಗ ಕೆಲಸಿಲ್ಲ. ಕೇಳ್ತೇನು? ಒಬ್ಬಾಕಿಗೂ."

ಪಾಳಿಯಲ್ಲಿ ಯಾರೂ ಅಲುಗಲಿಲ್ಲ. ಕೆಲವರ ಮುಖದಲ್ಲಿ ಬಣ್ಣ ಇಳಿಯಿತು, ಅದನ್ನು ಗ್ಯಾನಮ್ಮ ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಲೆ ಹೊತ್ತುವುದು ಆ ಅಂಗಳದಿಂದಲೇ ಆಗಿತ್ತು. ಶೇಖರಮ್ಮ ಹಿಂದೆ ತಿರುಗಿ ಗೇಟನ್ನು ನೋಡಿದಳು, ಮುಂದೆ ತಿರುಗಿ ಬಾಗಿಲನ್ನು ನೋಡಿದಳು, ಮತ್ತು ತನ್ನ ಮುಂದಿನವಳ ಬೆನ್ನಿಗೆ ಇನ್ನಷ್ಟು ಒತ್ತಿ ನಿಂತಳು.

ಬಾಗಿಲು ತೆರೆಯಿತು. ಪಂಪಮ್ಮ ಕಂಬಿ ಹಿಡಿದು, ತಾನೊಬ್ಬಳೇ ಹೊರಗೆ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು. ಯಾರನ್ನೂ ನೋಡದೆ ಇಳಿಜಾರಿನ ಅಂಚಿಗೆ ಕುಳಿತು, "ನೀರು ಇನ್ನೂ ಅರ್ಧ ಐತಿ," ಎಂದಳು.

ಗ್ಯಾನಮ್ಮ ಒಳಗೆ ಹೋದಳು. ಅಗಳಿ ಬಿದ್ದ ಸದ್ದು ಪಾಳಿಯ ಕೊನೆಯವರೆಗೂ ಕೇಳಿಸಿತು.